ಕರಡು ಮೊದಲೋ, ಪ್ರಶ್ನೆ ಮೊದಲೋ: ಎಐ ಇಟ್ಟುಕೊಂಡು ಲೇಖನ ಬರೆಯುವ ಮೂರು ದಾರಿ

ತಿಂಗಳಿಗೆ ಸುಮಾರು 2,000 ರೂಪಾಯಿಯ ಎಐ ಚಂದಾ ಕಟ್ಟುವ ಮುಂಚೆ 60 ರೂಪಾಯಿಯ ಒಂದು ನೋಟ್‌ಬುಕ್ ತನ್ನಿ. ತೀರ್ಪು ಇಷ್ಟೇ, ಮುಂದಿನದೆಲ್ಲ ಅದಕ್ಕೆ ಕಾರಣ. ಇಲ್ಲಿ ಚಂದಾ ಮೊದಲು ಬಂತು, ನೋಟ್‌ಬುಕ್ ಆಮೇಲೆ. ಅದಕ್ಕೇ ಈ ಹೋಲಿಕೆ.

ಮೂರು ದಾರಿಗೂ ಕೊಟ್ಟ ಕೆಲಸ ಒಂದೇ: ಕೋಲಾರದ ಕೆರೆಗಳ ಬಗ್ಗೆ 900 ಪದದ ಲೇಖನ. ಬೆಂಗಳೂರಿನ ಕೋರಮಂಗಲ–ಚಲ್ಲಘಟ್ಟ ಕಣಿವೆಯ ಕೊಳಚೆ ನೀರನ್ನು ಎರಡನೇ ಹಂತದವರೆಗೆ ಶುದ್ಧಿ ಮಾಡಿ 2018ರಿಂದ ಅಲ್ಲಿನ ಕೆರೆಗಳಿಗೆ ಹರಿಸುತ್ತಿದ್ದಾರೆ. ಕೆ.ಸಿ. ವ್ಯಾಲಿ ಯೋಜನೆ ಅಂದರೆ ಎಲ್ಲರಿಗೂ ಅರ್ಧ ಗೊತ್ತು. ಪರೀಕ್ಷೆಗೆ ಅಂಥ ವಿಷಯವೇ ಸರಿ. ಏನೂ ಗೊತ್ತಿಲ್ಲದಿದ್ದರೆ ಯಂತ್ರ ಹೇಳಿದ್ದೆಲ್ಲ ನಿಜ ಅನ್ನಿಸುತ್ತದೆ, ಪೂರ್ತಿ ಗೊತ್ತಿದ್ದರೆ ಯಂತ್ರದ ಹಂಗೇ ಬೇಡ.

ಮೊದಲ ದಾರಿಯಲ್ಲಿ ಯಂತ್ರದಿಂದ ಕರಡು ಬರೆಸಿ ನೀವು ತಿದ್ದುತ್ತೀರಿ. ಎರಡನೆಯದರಲ್ಲಿ ಹಾಳೆಯ ಮೇಲೆ ಯೋಚಿಸಿ, ಯಂತ್ರದಿಂದ ಪ್ರಶ್ನೆ ಕೇಳಿಸಿಕೊಂಡು, ಬರೆಯುವುದನ್ನು ನೀವೇ ಬರೆಯುತ್ತೀರಿ. ಮೂರನೆಯದರಲ್ಲಿ ಯಂತ್ರದಿಂದ ಇಂಗ್ಲಿಷಿನಲ್ಲಿ ಬರೆಸಿ ಕನ್ನಡಕ್ಕೆ ತರುತ್ತೀರಿ. ನನ್ನ ಓಟು ಎರಡನೆಯದಕ್ಕೆ.

ಕರಡು ಮೊದಲು

ಒಂದು ನಿಮಿಷದೊಳಗೆ 900 ಪದ ಬರುತ್ತದೆ. ಕಾಗುಣಿತ ತಪ್ಪಿಲ್ಲ, ಪ್ಯಾರಾ ಒಪ್ಪವಾಗಿವೆ. ಕೆರೆಯ ಮಹತ್ವ, ಸಮಸ್ಯೆ, ಸರ್ಕಾರದ ಕ್ರಮ, ಉಪಸಂಹಾರ ಎಂದು ಪ್ರೌಢಶಾಲೆಯ ಪ್ರಬಂಧದ ಸಾಲು. ಇಂಥದ್ದು ಸಾಕು ಅನ್ನುವವರು ಮುಂದೆ ಓದಬೇಕಾಗಿಲ್ಲ.

ಕಿರಿಕಿರಿ ಶುರುವಾಗುವುದು ತಿದ್ದಲು ಕೂತಾಗ. ಕೆಲವು ತಪ್ಪು ಸುಲಭದವು. ‘ಕೆರೆಯು ಒಂದು ಪ್ರಮುಖ ಜಲಮೂಲವಾಗಿದೆ’ ಎನ್ನುವಲ್ಲಿ ಆ ‘ಒಂದು’ ಇಂಗ್ಲಿಷಿನಿಂದ ಬಂದ ಅತಿಥಿ, ಎಬ್ಬಿಸಿ ಕಳಿಸಿದರೆ ಆಯಿತು. ‘ಗ್ರಾಮವು ಮೂರು ಕೆರೆಗಳನ್ನು ಹೊಂದಿದೆ’ ಎಂದಿದ್ದರೆ ‘ಊರಿಗೆ ಮೂರು ಕೆರೆ’. ಮೂರು ಸಾಲಿಗೆ ನಾಲ್ಕು ‘ಮತ್ತು’ ಇದ್ದರೆ ‘ಊ’ ಕಾರವೋ ‘ಮಾಡಿ, ನೋಡಿ’ ಎಂಬ ಕೃದಂತವೋ ಕೆಲಸ ಮುಗಿಸುತ್ತದೆ. ‘ನೀರನ್ನು ಬಿಡಲಾಯಿತು’ ಎಂದಿರುವ ಕಡೆ ‘ನೀರು ಬಿಟ್ಟರು’. ಇವೆಲ್ಲಕ್ಕೆ 25 ನಿಮಿಷ ಸಾಕು. ಹುಡುಕು-ಬದಲಿಸು ಆಯ್ಕೆಯಲ್ಲಿ ‘ಹೊಂದಿ’, ‘ಮೂಲಕ’, ‘ಪಾತ್ರ ವಹಿ’, ‘ಮತ್ತು’ ಈ ನಾಲ್ಕನ್ನು ಹಾಕಿ ನೋಡಿದರೆ ಅರ್ಧ ಕಸ ಸಿಕ್ಕಿಬೀಳುತ್ತದೆ.

ಕೈಗೆ ಸಿಗದ ತಪ್ಪು ಬೇರೆಯದು. ಈ ಸಾಲು ನೋಡಿ:

‘ದಶಕಗಳಿಂದ ಕೆರೆಗಳು ನಿರ್ಲಕ್ಷಿಸಲ್ಪಟ್ಟಿವೆ.’

‘-ಅಲ್ಪಡು’ ಎಂಬ ಈ ಕರ್ಮಣಿ ರೂಪ ನಮ್ಮ ಬಾಯಲ್ಲಿ ಸಾಮಾನ್ಯವಾಗಿ ಬರುವುದಿಲ್ಲ. ಮಾಡಿದವರನ್ನು ಹೇಳಿಯೇ ಕನ್ನಡ ಮಾತಾಡುತ್ತದೆ. ಆದ್ದರಿಂದ ತಿದ್ದುವ ಸೂತ್ರವೇನೋ ಸಲೀಸು: ಮಾಡಿದವರನ್ನು ಮುಂದೆ ತಂದು ಕ್ರಿಯಾಪದ ನೆಟ್ಟಗೆ ಮಾಡಬೇಕು. ‘ದಶಕಗಳಿಂದ ಕೆರೆಗಳನ್ನು ___ ನಿರ್ಲಕ್ಷಿಸಿದ್ದಾರೆ.’ ಈಗ ಆ ಖಾಲಿ ಜಾಗದಲ್ಲಿ ಏನು ಬರೆಯುತ್ತೀರಿ?

ಸರ್ಕಾರ ಅಂದುಬಿಡುವುದು ಸುಲಭ. ಯಾವ ಸರ್ಕಾರ? ನಮ್ಮ ರಾಜ್ಯದಲ್ಲಿ 40 ಹೆಕ್ಟೇರ್‌ಗಿಂತ ಕಡಿಮೆ ಅಚ್ಚುಕಟ್ಟಿನ (ಕೆರೆ ನೀರುಣಿಸುವ ಜಮೀನಿನ) ಕೆರೆ ಪಂಚಾಯಿತಿ ವ್ಯವಸ್ಥೆಯ ಪಾಲು. 40ರಿಂದ 2,000 ಹೆಕ್ಟೇರ್‌ವರೆಗಿನದು ಸಣ್ಣ ನೀರಾವರಿ ಇಲಾಖೆಯದು. 30 ಹೆಕ್ಟೇರ್ ಕೆರೆಯ ಏರಿ ಒಡೆದರೆ ಸಾಲಿನ ಕರ್ತೃ ಒಬ್ಬರು, 300 ಹೆಕ್ಟೇರಿನದು ಒಡೆದರೆ ಇನ್ನೊಬ್ಬರು. ‘ನಿರ್ಲಕ್ಷಿಸಲ್ಪಟ್ಟಿವೆ’ ಎನ್ನುವ ಪದ ಇಬ್ಬರನ್ನೂ ಬಚ್ಚಿಡುತ್ತದೆ.

ಇನ್ನೂ ಕೆದಕಿದರೆ ಇಲಾಖೆಗಿಂತ ಹಿಂದೆ ಹೋಗಬೇಕಾಗುತ್ತದೆ. ಕೆರೆಯಿಂದ ನೀರು ಹೊರಬಿಡುವ ಬಾಗಿಲಾದ ತೂಬು ಎತ್ತಿ ಇಳಿಸಿ ಗದ್ದೆ ಗದ್ದೆಗೆ ಪಾಳಿಯಂತೆ ನೀರು ಬಿಡುತ್ತಿದ್ದವನು ನೀರುಗಂಟಿ. ಸುಗ್ಗಿಯಲ್ಲಿ ಅವನಿಗೆ ಊರಿನವರು ಕಾಳು ಅಳೆದು ಕೊಡುತ್ತಿದ್ದರು. ಹೊಲದಲ್ಲೇ ಬೋರ್‌ವೆಲ್ ಬಂದ ಮೇಲೆ ತೂಬಿನ ನೀರಿಗೆ ಕಾಯುವವರು ಕಡಿಮೆಯಾದರು. ಕಾಯುವವರಿಲ್ಲದ ಕೆರೆಯ ಹೂಳು ಎತ್ತುವುದು ಯಾರಿಗೆ ಬೇಕು? ಹಾಗಾದರೆ ಖಾಲಿ ಜಾಗದಲ್ಲಿ ಬರಬೇಕಾದ ಹೆಸರು ಬೋರ್‌ವೆಲ್ ಹಾಕಿಸಿಕೊಂಡ ರೈತನದೇ? ಅವನಾದರೂ ಕೆರೆ ಬತ್ತಿದ್ದಕ್ಕೆ ಬೋರ್ ಕೊರೆಸಿದನೋ, ಬೋರ್ ಬಂದದ್ದಕ್ಕೆ ಕೆರೆ ಬಿಟ್ಟನೋ?

ಒಂದು ಕ್ರಿಯಾಪದ ನೆಟ್ಟಗೆ ಮಾಡಲು ಹೋಗಿ ಇಷ್ಟು ದೂರ ಬಂದಂತಾಯಿತು. ಉತ್ತರ ಕರಡಿನಲ್ಲಿಲ್ಲ. ಯಂತ್ರವನ್ನೇ ‘ಯಾರು ನಿರ್ಲಕ್ಷಿಸಿದರು?’ ಎಂದು ಕೇಳಿದರೆ ‘ಸರ್ಕಾರ, ಸ್ಥಳೀಯ ಸಂಸ್ಥೆಗಳು ಮತ್ತು ಸಾರ್ವಜನಿಕರು’ ಎಂದು ಮೂವರಿಗೂ ಸಮಪಾಲು ಹಂಚಿ ಕೈತೊಳೆದುಕೊಳ್ಳುತ್ತದೆ. ತಪ್ಪು ಅನ್ನುವ ಹಾಗಿಲ್ಲ, ಉಪಯೋಗವೂ ಇಲ್ಲ. ಕಲಿತ ಬರಹದಲ್ಲಿ ಹೆಚ್ಚು ಸಲ ಕಂಡ ದಾರಿಗೆ ವಾಲುವುದು ಅದರ ಸ್ವಭಾವ. ಕೆರೆ ಬಗ್ಗೆ ಹೆಚ್ಚು ಸಲ ಬರೆದವರು ವರದಿಯವರು, ಭಾಷಣದವರು. ಅವರಿಗೆ ಮಾಡಿದವರ ಹೆಸರು ಮುಚ್ಚಿಡುವ ಅಗತ್ಯ ಇದ್ದೇ ಇರುತ್ತದೆ.

ಈ ಕರಡಿನಲ್ಲಿ ಅಂಥ ಕ್ರಿಯಾಪದ 14 ಇದ್ದವು. ಒಂದೊಂದಕ್ಕೆ ಸುಮಾರು 10 ನಿಮಿಷ. ಆರನೆಯದಕ್ಕೆ ಬರುವಷ್ಟರಲ್ಲಿ ಕರಡಿನ ಅನುಕ್ರಮವೇ ನಿಲ್ಲುವುದಿಲ್ಲ. ‘ಸಮಸ್ಯೆ’ಯ ಭಾಗದ ಸಾಲು ‘ಮಹತ್ವ’ದ ಭಾಗಕ್ಕೆ ಎದುರು ಮಾತಾಡುತ್ತದೆ. ಒಟ್ಟು 2 ಗಂಟೆ 40 ನಿಮಿಷ ಆದಮೇಲೆ ಮೂಲ ಕರಡಿನಲ್ಲಿ ಉಳಿದದ್ದು ಶೀರ್ಷಿಕೆ ಮಾತ್ರ, ಅದೂ ಚೆನ್ನಾಗಿರಲಿಲ್ಲ.

ಇದಕ್ಕಿಂತ ಕೆಟ್ಟದ್ದು, ತಿದ್ದದೆ ಬಿಟ್ಟರೂ ನಡೆಯುತ್ತದೆ ಎನ್ನುವುದು. ಕಣ್ಣಿಗೆ ಬಿದ್ದ ಕರಡು ತಲೆಯಲ್ಲಿ ಬೀಡುಬಿಡುತ್ತದೆ. ನಾಲ್ಕು ಭಾಗದ ಆ ಸಾಲನ್ನು ಒಮ್ಮೆ ಓದಿದ ಮೇಲೆ ಕೆರೆಯ ಬಗ್ಗೆ ಐದನೆಯ ರೀತಿ ಇದೆ ಅಂತಲೇ ಹೊಳೆಯುವುದಿಲ್ಲ. ಸುಸ್ತಾದ ದಿನ ‘ಪರವಾಗಿಲ್ಲ, ಹೋಗಲಿ’ ಅನ್ನಿಸುತ್ತದೆ. ಅದೇ ವಿಷಯಕ್ಕೆ ಅದೇ ಯಂತ್ರ ಇನ್ನೂ ನೂರು ಜನಕ್ಕೆ ಹೆಚ್ಚುಕಮ್ಮಿ ಅದೇ ಕರಡು ಕೊಟ್ಟಿರುತ್ತದೆ. ಒಪ್ಪವಾದ 900 ಪದಕ್ಕೆ ಬೆಲೆ ಇದ್ದ ಕಾಲ ಹೋಯಿತು. ಸಂಪಾದಕರು ದುಡ್ಡು ಕೊಡುವುದಿದ್ದರೆ ಆ ಖಾಲಿ ಜಾಗ ತುಂಬಿದವರಿಗೆ ಕೊಟ್ಟಾರು.

ಪ್ರಶ್ನೆ ಮೊದಲು

ಒಂದು ಹಾಳೆ, ಒಂದು ಪೆನ್ಸಿಲ್, 50 ನಿಮಿಷ. ಫೋನು ಬೇರೆ ಕೋಣೆಯಲ್ಲಿರಲಿ. ಮೇಜಿನ ಮೇಲೆ ಮಗುಚಿ ಇಟ್ಟರೆ ಸಾಲದು, ಹತ್ತನೇ ನಿಮಿಷಕ್ಕೆ ‘ಒಂದೇ ಒಂದು ಅಂಕಿ ನೋಡಿಕೊಂಡುಬಿಡೋಣ’ ಅನ್ನಿಸುತ್ತದೆ.

ಹಾಳೆಯ ಮೇಲ್ಗಡೆ ಪ್ರಶ್ನೆ ಬರೆಯಿರಿ, ವಿಷಯ ಬೇಡ. ‘ಕೋಲಾರದ ಕೆರೆಗಳು’ ಅನ್ನುವುದು ವಿಷಯ. ಇದರ ಮೇಲೆ ಯಾರೂ ಜಗಳವಾಡುವುದಿಲ್ಲ, ಅಂದಮೇಲೆ ಬರೆಯಲು ಏನೂ ಇಲ್ಲ. ಎಡಗಡೆ ನಿಮಗೆ ಖಚಿತವಾಗಿ ಗೊತ್ತಿರುವ ಐದಾರು ಸಂಗತಿ ಹಾಕಿ. ಬಲಗಡೆ, ಅವುಗಳಲ್ಲಿ ಒಂದಕ್ಕೊಂದು ಹೊಂದದೆ ಕುಟುಕುವ ಜೋಡಿಗೆ ಗೆರೆ ಎಳೆಯಿರಿ.

ಕೋಲಾರದ ಹಾಳೆಯಲ್ಲಿ ಹೀಗಾಯಿತು. ಎಡಗಡೆ: ಯೋಜನೆಯ ಗುರಿ ದಿನಕ್ಕೆ 440 ದಶಲಕ್ಷ ಲೀಟರ್, ಆ ನೀರು ಅಂತರ್ಜಲ ಏರಿಸುವುದಕ್ಕೆ, ಕೆರೆಯಿಂದ ನೇರವಾಗಿ ಪಂಪ್ ಮಾಡಿ ಗದ್ದೆಗೆ ಬಿಡುವಂತಿಲ್ಲ, ಕೆರೆಗೆ ಏರಿ, ತೂಬು, ಕೋಡಿ, ಅಚ್ಚುಕಟ್ಟು ಎಂಬ ಅಂಗಗಳಿವೆ, ನೀರುಗಂಟಿಯ ಕೆಲಸ ತೂಬಿನದು. ಗೆರೆ ಎಳೆದದ್ದು ಮೂರನೆಯದಕ್ಕೂ ಐದನೆಯದಕ್ಕೂ. ಕೆರೆ ತುಂಬಿದೆ, ನೀರು ಮಾತ್ರ ನೇರ ಗದ್ದೆಗಿಲ್ಲ. ತೂಬು ಎತ್ತದ ಕೆರೆಯನ್ನು ಏನೆಂದು ಕರೆಯೋಣ? ಕೆರೆಯೇ, ಇಂಗುಗುಂಡಿಯೇ? ಅಂಥ ಕೆರೆಯನ್ನು ಕಾಯುವ ಮನಸ್ಸು ಊರಿಗೆ ಎಲ್ಲಿಂದ ಬರಬೇಕು? ಮೊದಲ ದಾರಿಯ ಕರಡಿನಲ್ಲಿ ‘ತೂಬು’ ಎಂಬ ಪದವೇ ಇರಲಿಲ್ಲ.

ಇಷ್ಟಾದ ಮೇಲೆ ನಿಮ್ಮ ವಾದವನ್ನು ಒಂದೇ ಸಾಲಿನಲ್ಲಿ ಬರೆದು, ಅದರ ಕೆಳಗೆ ‘ಏನು ಕಂಡರೆ ನನ್ನ ಮಾತು ಸುಳ್ಳಾಗುತ್ತದೆ’ ಎಂದು ಇನ್ನೊಂದು ಸಾಲು ಬರೆಯಿರಿ. ಇಲ್ಲಿ ವಾದ: ‘ತೂಬು ಎತ್ತದ ಕೆರೆಯನ್ನು ಊರು ಕಾಯುವುದಿಲ್ಲ.’ ಅದರ ಕೆಳಗಿನ ಸಾಲು: ‘ತೂಬು ಎತ್ತದಿದ್ದರೂ ಊರಿನವರು ಸೇರಿ ಏರಿಯ ಮೇಲಿನ ಗಿಡಗಂಟಿ ಕಡಿದು, ಕಾಲುವೆ ಸರಿಮಾಡಿಕೊಂಡ ಕೆರೆಗಳು ಸಿಕ್ಕರೆ.’ ಈ ಎರಡನೇ ಸಾಲು ಬರೆಯಲು ಬರದಿದ್ದರೆ ಮೊದಲನೆಯದು ವಾದವಲ್ಲ, ಘೋಷಣೆ. ಬಂದರೆ ಏರಿಯ ಮೇಲೆ ಹೋಗಿ ಏನು ನೋಡಬೇಕೆಂಬ ಪಟ್ಟಿಯೂ ಸಿಕ್ಕಿತು.

ಈಗ ಯಂತ್ರ ತೆರೆಯಿರಿ. ಕೊಡುವ ಸೂಚನೆ ಹೀಗಿರಲಿ:

‘ಒಬ್ಬರ ವಾದ ಇದು: (ಆ ಸಾಲು). ಇದನ್ನು ಒಪ್ಪದ ಮೂವರು ಇದ್ದಾರೆ: ಕೋಲಾರದ ರೈತ, ನೀರಾವರಿ ಎಂಜಿನಿಯರ್, ಅಂತರ್ಜಲ ತಜ್ಞ. ಒಬ್ಬೊಬ್ಬರೂ ಎರಡೆರಡು ಪ್ರಶ್ನೆ ಕೇಳಲಿ. ಉತ್ತರ ಬರೆಯಬೇಡ. ಲೇಖನ ಬರೆಯಬೇಡ. ಹೊಗಳಬೇಡ.’

‘ನನ್ನ ವಾದ’ ಎನ್ನದೆ ‘ಒಬ್ಬರ ವಾದ’ ಎನ್ನುವುದು ಮುಖ್ಯ. ನಿಮ್ಮದೆಂದು ತಿಳಿದರೆ ಯಂತ್ರ ಬೆನ್ನು ತಟ್ಟಲು ನಿಲ್ಲುತ್ತದೆ. ನೀವು ತಿರುಗಿ ವಾದಿಸಿದರೆ ‘ನೀವು ಹೇಳುವುದು ಸರಿ’ ಎಂದು ಬೇಗ ಸೋಲೊಪ್ಪುತ್ತದೆ, ನೀವು ಹೇಳಿದ್ದು ತಪ್ಪಿದ್ದರೂ. ಹಾಗಾದಾಗ ಅಲ್ಲೇ ಜಗ್ಗಾಡದೆ ಹೊಸ ಸಂಭಾಷಣೆ ತೆರೆದು ಮತ್ತೆ ಕೇಳಿ. ಬಂದ ಆರು ಪ್ರಶ್ನೆಯಲ್ಲಿ ಐದು ಜೊಳ್ಳು. ಅಂತರ್ಜಲ ತಜ್ಞನ ಬಾಯಲ್ಲಿ ಬಂದ ಒಂದು ಮಾತ್ರ ಗಟ್ಟಿ: ಬೋರ್‌ವೆಲ್‌ನಲ್ಲಿ ನೀರು ಏರಿದರೆ ಅದೂ ಕೆರೆ ಗದ್ದೆಗೆ ಕೊಟ್ಟ ನೀರೇ ಅಲ್ಲವೇ, ತೂಬು ಭೂಮಿಯ ಒಳಗೆ ಹೋಯಿತು ಎಂದುಕೊಂಡರೆ ತಪ್ಪೇನು? ಇದಕ್ಕೆ ಉತ್ತರ ಹುಡುಕಿದ್ದೇ ಲೇಖನದ ನಡು ಭಾಗವಾಯಿತು. ತೂಬಿನ ನೀರಿಗೆ ಪಾಳಿ ಇತ್ತು, ಬೋರಿನ ನೀರಿಗಿಲ್ಲ. ಆಳಕ್ಕೆ ಕೊರೆಸಿದವನಿಗೆ ಹೆಚ್ಚು ನೀರು. ನೀರುಗಂಟಿ ಹಂಚುತ್ತಿದ್ದದ್ದನ್ನು ಈಗ ಮೋಟರಿನ ಎಚ್‌ಪಿ ಹಂಚುತ್ತದೆ.

ಯಂತ್ರದ ಜೊತೆ 20 ನಿಮಿಷ, ಬರೆಯಲು ಒಂದೂವರೆ ಗಂಟೆ. ಒಟ್ಟು ಲೆಕ್ಕ ಹಾಕಿದರೆ ಮೊದಲ ದಾರಿಯಷ್ಟೇ ಸಮಯ. ವ್ಯತ್ಯಾಸವೆಂದರೆ ಇಲ್ಲಿ ಕೊನೆಗೆ ಲೇಖನ ಉಳಿಯುತ್ತದೆ.

ಎಡವುವ ಜಾಗವೂ ಇದೆ. 50 ನಿಮಿಷದಲ್ಲಿ ಮೊದಲ 20 ಬರೀ ಬೇಜಾರು. ಬರುವುದೆಲ್ಲ ಎಲ್ಲರೂ ಹೇಳಿದ್ದೇ. ಬಹಳ ಜನ ಬಿಟ್ಟೇಳುವುದು ಅಲ್ಲೇ. ಆ ಹಳಸಲು ಮಾತನ್ನೆಲ್ಲ ಹಾಳೆಯ ಹಿಂಬದಿಯಲ್ಲಿ ಬರೆದು ಖಾಲಿ ಮಾಡಿ, ಆಮೇಲೆ ಮುಂಬದಿಗೆ ಬನ್ನಿ.

ಇಂಗ್ಲಿಷಿನಿಂದ ಕನ್ನಡಕ್ಕೆ

ಬೇಡ. ಇಂಗ್ಲಿಷಿನಲ್ಲಿ ಕೆರೆಗೂ ಸಿಂಟೆಕ್ಸಿಗೂ ಟ್ಯಾಂಕ್ ಒಂದೇ, ಆದ್ದರಿಂದ ಕನ್ನಡಕ್ಕೆ ಬರುವಾಗ ಕೆರೆ ‘ಟ್ಯಾಂಕ್’ ಆಗುತ್ತದೆ. ಅಚ್ಚುಕಟ್ಟು ‘ಕಮಾಂಡ್ ಪ್ರದೇಶ’ವಾಗುತ್ತದೆ. ಪದಗಳನ್ನು ತಿದ್ದಿಬಿಡಬಹುದು, ‘-ಅಲ್ಪಡು’ ಮಾತ್ರ ಇಲ್ಲಿ ದುಪ್ಪಟ್ಟು. ಇಂಗ್ಲಿಷಿನ ಒಳ್ಳೆಯ ಲೇಖನ ಕೈಯಲ್ಲಿದ್ದರೆ ಓದಿ ಮುಚ್ಚಿಟ್ಟು ಎರಡನೇ ದಾರಿ ಹಿಡಿಯಿರಿ.

ಯಾವ ದಾರಿಗೂ ತಪ್ಪದ್ದು

ಶಾಸನದ ಉಲ್ಲೇಖವನ್ನು ಯಂತ್ರದ ಮಾತಿನ ಮೇಲೆ ಹಾಕಬೇಡಿ. ಇಲ್ಲದ ಶಾಸನ ಸಂಖ್ಯೆಯನ್ನೂ ಸಲೀಸಾಗಿ ಕೊಡುತ್ತದೆ. ಬಿ.ಎಲ್. ರೈಸ್ ಹೊರತಂದ ಶಾಸನಗಳ ಸಂಗ್ರಹ ಎಪಿಗ್ರಾಫಿಯ ಕರ್ನಾಟಿಕದ 10ನೇ ಸಂಪುಟ (1905) ಕೋಲಾರ ಜಿಲ್ಲೆಯದು. ಈಗಿನ ಚಿಕ್ಕಬಳ್ಳಾಪುರವೂ ಅದರಲ್ಲೇ ಸಿಗುತ್ತದೆ. ತಾಲ್ಲೂಕು, ಸಂಖ್ಯೆ ಎರಡೂ ಹಿಡಿದು ತೆರೆದು ನೋಡಿ. ಪರಿಷ್ಕೃತ ಆವೃತ್ತಿಯ ಸಂಪುಟ ಸಂಖ್ಯೆಗಳು ಬೇರೆ, ಯಾವ ಆವೃತ್ತಿ ಎಂದೂ ಬರೆದುಕೊಳ್ಳಿ.

ಬರಹದ ಉದ್ದ ಎಣಿಸುವ ಉಚಿತ ಖಾತೆಯ ಮಿತಿ ಕನ್ನಡದಲ್ಲಿ ಬೇಗ ಮುಗಿಯುತ್ತದೆ ಎಂಬುದು ಭ್ರಮೆಯಲ್ಲ. ಕಂಪ್ಯೂಟರ್ ಅಕ್ಷರ ಉಳಿಸಿಡುವ ಯುಟಿಎಫ್-8 ಪದ್ಧತಿಯಲ್ಲಿ ಇಂಗ್ಲಿಷಿನ ಒಂದು ಅಕ್ಷರಕ್ಕೆ 1 ಬೈಟ್ ಸಾಕು, ಕನ್ನಡದ ಒಂದೊಂದು ಚಿಹ್ನೆಗೂ 3 ಬೇಕು. ‘ಕ್ಷೇ’ ಎಂಬುದು ಕ, ಹಲಂತ, ಷ, ಏತ್ವ ಸೇರಿ ನಾಲ್ಕು ಚಿಹ್ನೆ, 12 ಬೈಟ್. ಇಂಗ್ಲಿಷಿಗೆಂದು ಪಳಗಿದ ಯಂತ್ರ ನಮ್ಮ ಪದವನ್ನು ಹೆಚ್ಚು ಚೂರು ಮಾಡಿ ಎಣಿಸುತ್ತದೆ. ಕರಡು ಬರೆಸಿ, ತಿದ್ದಿಸಿ, ಮತ್ತೆ ಬರೆಸುವವರಿಗೆ ಇದು ತೊಡಕು. ಆರು ಪ್ರಶ್ನೆ ಕೇಳಿಸಿಕೊಳ್ಳುವವರಿಗೆ ಉಚಿತದ್ದೇ ಧಾರಾಳ.

ಕೈಬರಹ ಆಗದವರು ಫೋನಿನ ಗೂಗಲ್ ಕೀಲಿಮಣೆ ಜಿಬೋರ್ಡ್‌ನಲ್ಲಿ ಕನ್ನಡ ಧ್ವನಿ ಟೈಪಿಂಗ್ ಇಟ್ಟುಕೊಂಡು ಓಡಾಡುತ್ತಾ ಹೇಳಬಹುದು. ಎಡ-ಬಲದ ಗೆರೆ ಎಳೆಯುವುದಕ್ಕೆ ಮಾತ್ರ ಹಾಳೆಯೇ ಬೇಕು.

ಲೆಕ್ಕ

ತಿಂಗಳಿಗೆ ಎರಡು ಲೇಖನ ಬರೆಯುವವರಿಗೆ 2,000 ರೂಪಾಯಿ ಚಂದಾ ಅಂದರೆ ಲೇಖನಕ್ಕೆ ಸಾವಿರ. ಬರುವ ಸಂಭಾವನೆಯಲ್ಲಿ ಅದನ್ನು ಕಳೆದರೆ ಕಾಫಿಗೂ ಉಳಿಯುವುದು ಕಷ್ಟ. ಚಂದಾ ರದ್ದು, ಉಚಿತ ಖಾತೆ, 200 ಪುಟದ ನೋಟ್‌ಬುಕ್ಕು. ಲೇಖನಕ್ಕೆ ಎರಡು ಹಾಳೆಯಂತೆ ವರ್ಷಕ್ಕೆ ಒಂದೇ ಸಾಕು.

ಮೊದಲ ದಾರಿಯನ್ನು ಪೂರ್ತಿ ಬಿಟ್ಟಿಲ್ಲ. ಸಂಘದ ಸಭೆಯ ನಡಾವಳಿ, ಆಮಂತ್ರಣದ ಒಕ್ಕಣೆ, ಇಲಾಖೆಗೆ ಮನವಿ ಇವಕ್ಕೆ ಅದೇ ಸರಿ. ಮನವಿಯಲ್ಲಿ ಮಾತ್ರ ‘ದುರಸ್ತಿ ಮಾಡಿಸಲ್ಪಡಬೇಕು’ ಎಂದಿದ್ದರೆ ಹೊಡೆದುಹಾಕಿ, ಮಾಡಬೇಕಾದ ಅಧಿಕಾರಿಯ ಹುದ್ದೆ ಬರೆಯಿರಿ.