ಬ್ಲಾಸ್ಟರ್ ಕೋರ್ಸ್‌ಗೆ ಹಣ ಕಟ್ಟುವ ಮುನ್ನ ಇದನ್ನು ಓದಿ

ಚಿಕ್ಕಬಳ್ಳಾಪುರ, ಗುಡಿಬಂಡೆ, ಬಾಗೇಪಲ್ಲಿ ಕಡೆಯ ಹುಡುಗರೇ, ‘ಮೂರು ತಿಂಗಳಲ್ಲಿ ಬ್ಲಾಸ್ಟರ್ ಸರ್ಟಿಫಿಕೇಟ್, ಗಣಿಯಲ್ಲಿ ಖಾತರಿ ಕೆಲಸ’ ಎಂದು ಯಾರಾದರೂ ಬಂದರೆ ಒಂದು ರೂಪಾಯಿಯನ್ನೂ ಕಟ್ಟಬೇಡಿ. ಬ್ಲಾಸ್ಟರ್ ಎಂದರೆ ಗಣಿ, ಕ್ವಾರಿಗಳಲ್ಲಿ ಬಂಡೆಗೆ ಮದ್ದಿಟ್ಟು ಸಿಡಿಸುವವನು. ನನ್ನ ಅಕ್ಕನ ಮಗ ಅರವತ್ತು ಸಾವಿರ ಕಟ್ಟಿದ. ಅದರಲ್ಲಿ ಅರ್ಧದಷ್ಟು ಅಕ್ಕ ಸ್ತ್ರೀಶಕ್ತಿ ಸಂಘದಲ್ಲಿ ಎತ್ತಿದ ಸಾಲ.

ಹುಡುಗ ಐಟಿಐ ಮುಗಿಸಿ ಕ್ರಷರ್‌ನಲ್ಲಿ ದಿನಗೂಲಿಗೆ ಹೋಗುತ್ತಿದ್ದ. ಅಂಗಡಿ ಸಾಲಿನ ಮಹಡಿಯ ಮೇಲಿದ್ದ ಆ ತರಬೇತಿ ಕೇಂದ್ರದವರು ಗೋಡೆಗೆ ಹಟ್ಟಿ ಚಿನ್ನದ ಗಣಿಯ ಚಿತ್ರ ಅಂಟಿಸಿಕೊಂಡು, ಗಣಿ ಕಂಪನಿಗಳೇ ನಡೆಸುವ ಕೋರ್ಸ್ ಇದು ಎಂದು ನಂಬಿಸಿದರು. ಹಟ್ಟಿಯದು ರಾಜ್ಯ ಸರ್ಕಾರದ ಕಂಪನಿ. ಅಲ್ಲಿನ ಹುದ್ದೆಗಳಿಗೆ ಅಧಿಸೂಚನೆ ಹೊರಡುತ್ತದೆ, ಎಲ್ಲರೂ ಅರ್ಜಿ ಹಾಕುತ್ತಾರೆ. ಮಹಡಿಯ ಮೇಲೆ ಕುಳಿತವರು ಕೆಲಸ ಹಂಚುವುದಿಲ್ಲ.

ತರಗತಿ ಎಂದರೆ ವಿಡಿಯೋ ನೋಡುವುದು. ಪ್ರಾಯೋಗಿಕ ತರಬೇತಿ ಎಂದರೆ ಒಂದು ಕಲ್ಲು ಕ್ವಾರಿಗೆ ಕರೆದೊಯ್ದು ಜಿಲೆಟಿನ್ ಎಂಬ ಸ್ಫೋಟಕದ ಪೆಟ್ಟಿಗೆ ಹೊರಿಸುವುದು. ಹೆಲ್ಮೆಟ್ ಇಲ್ಲ. ಅರ್ಹ ಬ್ಲಾಸ್ಟರ್ ಸ್ಥಳದಲ್ಲಿ ಇರಲೇ ಇಲ್ಲ. ಜಿಲೆಟಿನ್ನೂ ಅದನ್ನು ಸಿಡಿಸುವ ಡಿಟೊನೇಟರೂ ಒಂದೇ ಜೀಪಿನಲ್ಲಿ ಬಂದವಂತೆ. ‘ಮಾವ, ಕುಳಿಗೆ ಮದ್ದು ತುಂಬುವುದನ್ನೂ ನಮ್ಮ ಕೈಯಲ್ಲೇ ಮಾಡಿಸಿದರು’ ಎಂದು ಅವನು ಹೇಳಿದಾಗ ಅರವತ್ತು ಸಾವಿರದ ಚಿಂತೆ ಮರೆತುಹೋಗಿ ಮೈ ನಡುಗಿತು. 2021ರ ಫೆಬ್ರುವರಿಯಲ್ಲಿ ಹಿರೇನಾಗವಲ್ಲಿ ಬಳಿ ಜಿಲೆಟಿನ್ ಸಿಡಿದು ಆರು ಜನ ಸತ್ತದ್ದು ನಮ್ಮ ಜಿಲ್ಲೆಯಲ್ಲೇ ಅಲ್ಲವೇ? ಅಂಥ ಜಿಲ್ಲೆಯಲ್ಲಿ ಶುಲ್ಕ ಕಟ್ಟಿಸಿಕೊಂಡು ಬಡವರ ಮಕ್ಕಳಿಂದ ಸ್ಫೋಟಕ ಹೊರಿಸುತ್ತಾರೆಂದರೆ ಅದನ್ನು ಬರೀ ಮೋಸ ಎಂದು ಕರೆದರೆ ಸಾಲದು.

ಕೊನೆಗೆ ಕೈಗೆ ಬಂದದ್ದು ಬಣ್ಣದ ಕಾಗದ. ಜೊತೆಗೆ, ಕಾಲಿಡದ ಗಣಿಯೊಂದರಲ್ಲಿ ಅವನು ಕೆಲಸ ಮಾಡಿದ್ದಾನೆ ಎಂಬ ಅನುಭವ ಪತ್ರ. ಅದನ್ನು ಎಲ್ಲಿಯೂ ತೋರಿಸಬೇಡ ಎಂದು ನಾನು ಕಟ್ಟುನಿಟ್ಟಾಗಿ ಹೇಳಿದ್ದೇನೆ. ಸುಳ್ಳು ದಾಖಲೆ ಹಾಜರುಪಡಿಸಿದರೆ ಸಿಕ್ಕಿಬೀಳುವವನು ಹುಡುಗನೇ.

ನಿಜವಾದ ದಾರಿ ಬೇರೆ ಇದೆ. ಲೋಹ ಗಣಿಗಳ 1961ರ ನಿಯಮಾವಳಿಯಂತೆ ಮೇಟ್ (ಕೆಲಸಗಾರರ ತಂಡದ ಮೇಲ್ವಿಚಾರಕ), ಬ್ಲಾಸ್ಟರ್, ಫೋರ್‌ಮನ್ ಪ್ರಮಾಣಪತ್ರ ಸಿಗುವುದು ಧನಬಾದ್‌ನಲ್ಲಿ ಕೇಂದ್ರ ಕಚೇರಿ ಇರುವ ಗಣಿ ಸುರಕ್ಷತಾ ಮಹಾನಿರ್ದೇಶನಾಲಯದ, ಅಂದರೆ ಡಿಜಿಎಂಎಸ್‌ನ, ಪರೀಕ್ಷಾ ವ್ಯವಸ್ಥೆಯಿಂದ. ಅದಕ್ಕೆ ಗಣಿಯಲ್ಲಿ ದುಡಿದ ನಿಜವಾದ ಅನುಭವ ಬೇಕು, ಪ್ರಥಮ ಚಿಕಿತ್ಸೆಯ ಪ್ರಮಾಣಪತ್ರ ಬೇಕು, ದೈಹಿಕ ಅರ್ಹತೆ ಬೇಕು. ಮದ್ದು ಸಿಡಿಸುವ ಕಲ್ಲು ಕ್ವಾರಿಯೂ ಗಣಿ ಕಾನೂನಿನ ಕೆಳಗೇ ಬರುತ್ತದೆ. ಹೊಸಬರಿಗೆ ತರಬೇತಿ ಕೊಡಿಸುವುದು 1966ರ ವೃತ್ತಿ ತರಬೇತಿ ನಿಯಮಗಳ ಪ್ರಕಾರ ಗಣಿ ಮಾಲೀಕರ ಹೊಣೆ. ಆ ಹೊಣೆಯನ್ನು ಅಕ್ಕನಂಥವರ ಸಂಘದ ಸಾಲದ ಮೇಲೆ ಹೇರುವುದು ಯಾವ ನ್ಯಾಯ?

ಕೌಶಲ ತರಬೇತಿಯನ್ನೇ ನಾನು ದೂರುತ್ತಿಲ್ಲ. ಗಣಿ ಉದ್ಯಮದ ಒಕ್ಕೂಟವೇ ಮುಂದೆ ನಿಂತು ಕಟ್ಟಿದ ಗಣಿ ವಲಯದ ಕೌಶಲ ಮಂಡಳಿ ಇದೆ. ಡ್ರಿಲ್ಲರ್, ಡಂಪರ್ ಚಾಲಕರಂಥ ಕೆಲಸಗಳಿಗೆ ಅದು ಪ್ರಮಾಣಪತ್ರ ಕೊಡುತ್ತದೆ. ಕೆಲಸ ಹುಡುಕುವವರಿಗೆ ಅದರಿಂದ ಉಪಯೋಗವಿದೆ. ಆದರೆ ಅದು ಡಿಜಿಎಂಎಸ್ ಪ್ರಮಾಣಪತ್ರಕ್ಕೆ ಬದಲಿಯಲ್ಲ. ಈ ಎರಡರ ವ್ಯತ್ಯಾಸ ಹಳ್ಳಿಯ ಹುಡುಗರಿಗೆ ಗೊತ್ತಿಲ್ಲವೆಂಬ ಧೈರ್ಯದಲ್ಲೇ ಇಂಥ ಕೇಂದ್ರಗಳು ನಡೆಯುತ್ತಿವೆ. ಪ್ರಧಾನಮಂತ್ರಿ ಕೌಶಲ ವಿಕಾಸ ಯೋಜನೆಯಲ್ಲಂತೂ ತರಬೇತಿಗೆ ಶುಲ್ಕವೇ ಇಲ್ಲ; ಆ ಯೋಜನೆಯ ಹೆಸರು ಹೇಳಿ ಹಣ ಕೇಳಿದರೆ ಅಲ್ಲಿಂದ ಎದ್ದು ಬನ್ನಿ.

ಈಗಾಗಲೇ ಕಟ್ಟಿದವರು ರಸೀದಿ, ಫೋನ್‌ಪೇ ದಾಖಲೆ, ಅವರು ಕಳಿಸಿದ ವಾಟ್ಸ್‌ಆ್ಯಪ್ ಸಂದೇಶ ಯಾವುದನ್ನೂ ಅಳಿಸಬೇಡಿ. ಗ್ರಾಹಕ ಸಹಾಯವಾಣಿ 1915ಕ್ಕೆ ಮೊದಲು ಕರೆ ಮಾಡಿ. ಜಿಲ್ಲಾ ಗ್ರಾಹಕ ಆಯೋಗಕ್ಕೆ ಎರಡು ವರ್ಷದೊಳಗೆ ದೂರು ಕೊಡಬಹುದು. ಐದು ಲಕ್ಷದವರೆಗಿನ ಮೊತ್ತಕ್ಕೆ ಶುಲ್ಕವಿಲ್ಲ. ನಮ್ಮ ದೂರು ಸಿದ್ಧವಾಗುತ್ತಿದೆ. ಕ್ವಾರಿಯಲ್ಲಿ ಪೆಟ್ಟಿಗೆ ಹೊತ್ತ ಇನ್ನುಳಿದ ಹುಡುಗರ ಮನೆಯವರೂ ಜೊತೆಗೂಡಿದರೆ ಸ್ಫೋಟಕದ ವಿಷಯವನ್ನು ಪೊಲೀಸರಿಗೂ ಒಟ್ಟಾಗಿ ಬರೆದುಕೊಡುತ್ತೇವೆ.