ಕ್ರೋಮ್‌ನ ಡಿವೈಸ್ ಟೂಲ್‌ಬಾರ್: ಅಗಲ ಸರಿ, ಅಕ್ಷರ ಬೇರೆ

ಬ್ರೌಸರ್ ಕಿಟಕಿಯ ಅಂಚು ಹಿಡಿದೆಳೆದು ಲೇಔಟ್ ನೋಡುವ ಅಭ್ಯಾಸ ಇನ್ನೂ ಅನೇಕರಿಗಿದೆ. ಅದರ ಮಿತಿ ಬೇಗ ಎದುರಾಗುತ್ತದೆ: ಡೆಸ್ಕ್‌ಟಾಪ್ ಕ್ರೋಮ್ ಕಿಟಕಿ ಸುಮಾರು 500 ಪಿಕ್ಸೆಲ್‌ಗೆ ಬಂದು ನಿಂತುಬಿಡುತ್ತದೆ. ಬಹುಪಾಲು ಆಂಡ್ರಾಯ್ಡ್ ಫೋನುಗಳ ಅಗಲ 360ರಿಂದ 412ರ ಆಸುಪಾಸು. ಎಷ್ಟು ಎಳೆದರೂ ಫೋನಿನ ಅಗಲ ಸಿಗುವುದಿಲ್ಲ. ವರ್ಷಗಟ್ಟಲೆ ಬಳಸಿದ ಮೇಲೂ, ಪುಟವನ್ನು ಫೋನಿನ ಅಗಲದಲ್ಲಿ ತೋರಿಸುವ ಡಿವೈಸ್ ಟೂಲ್‌ಬಾರ್ ನನಗೆ ಇಷ್ಟವಾಗಿರುವುದು ಇದಕ್ಕೇ. ಎಫ್12 ಒತ್ತಿ ಡೆವ್‌ಟೂಲ್ಸ್ (ಕ್ರೋಮ್‌ನ ಡೆವಲಪರ್ ಉಪಕರಣಗಳು) ತೆರೆಯಿರಿ, ಆಮೇಲೆ ಕಂಟ್ರೋಲ್+ಶಿಫ್ಟ್+ಎಂ. ಮ್ಯಾಕ್‌ನಲ್ಲಿ ಕಂಟ್ರೋಲ್ ಬದಲು ಕಮಾಂಡ್.

ಫೋನುಗಳ ಪಟ್ಟಿಯನ್ನು ಬದಿಗಿಡಿ. ‘ರೆಸ್ಪಾನ್ಸಿವ್’ ಆರಿಸಿ, ಅಗಲದ ಪೆಟ್ಟಿಗೆಯಲ್ಲಿ 320 ಹಾಕಿ, ಬಲಗಡೆಯ ಹಿಡಿಯನ್ನು 1280ರವರೆಗೆ ನಿಧಾನವಾಗಿ ಎಳೆಯಿರಿ. ಇಡೀ ಉಪಕರಣದಲ್ಲಿ ಅತ್ಯಂತ ಖುಷಿ ಕೊಡುವ ಕೆಲಸ ಇದೇ. ಸಿದ್ಧ ಅಳತೆಗಳಲ್ಲಿ ಚೆನ್ನಾಗಿ ಕಂಡ ಪುಟ 480ರಿಂದ 767ರ ನಡುವೆ ತನ್ನ ಹುಳುಕು ತೋರಿಸುತ್ತದೆ: ಮೆನುವಿನ ಕೊನೆಯ ಪದ ಕೆಳಗಿಳಿಯುತ್ತದೆ, ಮೂರು ಕಾರ್ಡುಗಳಲ್ಲಿ ಒಂದು ಮುಂದಿನ ಸಾಲಿನಲ್ಲಿ ಒಂಟಿಯಾಗುತ್ತದೆ. ಅನುಮಾನ ಬಂದಲ್ಲಿ ನಿಲ್ಲಿಸಿ, ಅಗಲದ ಪೆಟ್ಟಿಗೆಯಲ್ಲಿ ಬಾಣದ ಕೀಲಿ ಒತ್ತುತ್ತ ಒಂದೊಂದೇ ಪಿಕ್ಸೆಲ್ ಸರಿಸಿ. ಮೂರು ಚುಕ್ಕಿಯ ಮೆನುವಿನಲ್ಲಿ ಮೀಡಿಯಾ ಕ್ವೆರಿ (ಇಂತಿಷ್ಟು ಅಗಲಕ್ಕೆ ಇಂಥ ಸ್ಟೈಲ್ ಎಂಬ ನಿಯಮ) ತೋರಿಸುವ ಆಯ್ಕೆಯನ್ನು ಸದಾ ಆನ್ ಮಾಡಿಟ್ಟಿರಿ. ಆಗ ಬರುವ ಬಣ್ಣದ ಪಟ್ಟಿಯ ಮೇಲೆ ಕ್ಲಿಕ್ ಮಾಡಿದರೆ ನೇರ ಆ ಬ್ರೇಕ್‌ಪಾಯಿಂಟ್‌ಗೆ, ಅಂದರೆ ನಿಯಮ ಬದಲಾಗುವ ಅಗಲಕ್ಕೆ, ಹೋಗುತ್ತದೆ.

767ರವರೆಗೆ ಒಂದು ನಿಯಮ, 768ರಿಂದ ಇನ್ನೊಂದು ಎಂದು ಬರೆದಿದ್ದರೆ ಎರಡರ ನಡುವೆ ಸಣ್ಣ ಬಿರುಕು ಉಳಿಯುತ್ತದೆ. ವಿಂಡೋಸ್‌ನಲ್ಲಿ 125% ಸ್ಕೇಲಿಂಗ್ ಇದ್ದಾಗಲೋ ಪುಟವನ್ನು ಝೂಮ್ ಮಾಡಿದಾಗಲೋ ಅಗಲ ಭಿನ್ನರಾಶಿಯಾಗಬಹುದು. ಅದು 767 ಮತ್ತು 768ರ ನಡುವೆ ಬಿದ್ದರೆ ಯಾವ ನಿಯಮವೂ ಅನ್ವಯಿಸುವುದಿಲ್ಲ. ‘768ಕ್ಕಿಂತ ಕಡಿಮೆ’ ಎಂದು ಹೋಲಿಕೆ ಚಿಹ್ನೆಯಲ್ಲೇ (<) ಬರೆದರೆ ಈ ತೊಂದರೆ ಇಲ್ಲ. ಒಂದೇ ಚಿತ್ರವನ್ನು ಹಲವು ಅಳತೆಗಳಲ್ಲಿ ಕೊಟ್ಟು ಪರೀಕ್ಷಿಸುವಾಗ ಕ್ಯಾಶ್ (ಬ್ರೌಸರ್ ಇಳಿಸಿ ಇಟ್ಟುಕೊಳ್ಳುವ ಪ್ರತಿ) ನಿಲ್ಲಿಸಿ ಮರುಲೋಡ್ ಮಾಡಿ. ದೊಡ್ಡ ಚಿತ್ರ ಆಗಲೇ ಇಳಿದಿದ್ದರೆ ಅಗಲ ಕುಗ್ಗಿಸಿದ ಮಾತ್ರಕ್ಕೆ ಕ್ರೋಮ್ ಚಿಕ್ಕದನ್ನು ತರಿಸುವುದಿಲ್ಲ.

ಇಷ್ಟರವರೆಗೆ ಐದಕ್ಕೆ ಐದು. ಕನ್ನಡ ಪುಟ ತೆರೆದ ಕೂಡಲೇ ಅಂಕ ಇಳಿಯುತ್ತದೆ.

ಈ ಉಪಕರಣ ಫೋನಿನ ಅಗಲವನ್ನು ಅನುಕರಿಸುತ್ತದೆ, ಫೋನಿನ ಫಾಂಟನ್ನಲ್ಲ. ತಾಣ ತನ್ನದೇ ವೆಬ್‌ಫಾಂಟ್ (ಪುಟದ ಜೊತೆಗೇ ಇಳಿಯುವ ಫಾಂಟ್) ಕೊಡದಿದ್ದರೆ ವಿಂಡೋಸ್‌ನಲ್ಲಿ ಸಾಮಾನ್ಯವಾಗಿ ನಿರ್ಮಲಾ ಯುಐ ಫಾಂಟ್ ಕಾಣುತ್ತದೆ. ಬಹಳಷ್ಟು ಆಂಡ್ರಾಯ್ಡ್ ಫೋನುಗಳಲ್ಲಿ ಇರುವುದು ನೋಟೋ. ಎರಡರ ಅಕ್ಷರದ ಅಗಲವೂ ಬೇರೆ, ಎತ್ತರವೂ ಬೇರೆ. ಇಲ್ಲಿ 360ರಲ್ಲಿ ಎರಡು ಸಾಲಿಗೆ ಕೂತ ಶೀರ್ಷಿಕೆ ಫೋನಿನಲ್ಲಿ ಮೂರು ಸಾಲಾಗಬಹುದು. ಲೈನ್-ಹೈಟ್ (ಸಾಲಿನ ಎತ್ತರ) 1.2 ಇಟ್ಟು, ಪೆಟ್ಟಿಗೆಯಿಂದ ಹೊರಚಾಚುವ ಭಾಗ ಕಾಣದಂತೆ ಓವರ್‌ಫ್ಲೋ ಮುಚ್ಚಿದ್ದರೆ ‘ರಾಷ್ಟ್ರೀಯ’ದ ಒತ್ತಕ್ಷರಗಳ ಬುಡವೇ ಕತ್ತರಿಸಿಹೋಗಬಹುದು. ಕನ್ನಡಕ್ಕೆ 1.6ರಿಂದ ಶುರು ಮಾಡಿ, ನೋಟೋ ಸಾನ್ಸ್ ಕನ್ನಡವನ್ನು ವೆಬ್‌ಫಾಂಟಾಗಿ ಸೇರಿಸಿಯೇ ಪರೀಕ್ಷಿಸಿ.

ಇನ್ನು ಉದ್ದ ಪದಗಳು. ‘ವಿಶ್ವವಿದ್ಯಾನಿಲಯಗಳಲ್ಲಿರುವ’ ಎಂಬುದು ತಾನಾಗಿ ಮುರಿಯುವುದಿಲ್ಲ. ಫ್ಲೆಕ್ಸ್ (ಪೆಟ್ಟಿಗೆಗಳನ್ನು ಸಾಲಾಗಿ ಜೋಡಿಸುವ ಸಿಎಸ್‌ಎಸ್ ವಿಧಾನ) ಒಳಗಿನ ಪೆಟ್ಟಿಗೆ ಸಾಮಾನ್ಯವಾಗಿ ತನ್ನ ಅತಿ ಉದ್ದದ ಪದಕ್ಕಿಂತ ಕಿರಿದಾಗಲು ಒಪ್ಪುವುದಿಲ್ಲ, ಹಾಗಾಗಿ ಇಡೀ ಪುಟ ಅಡ್ಡಡ್ಡ ಜಾರತೊಡಗುತ್ತದೆ. ಓವರ್‌ಫ್ಲೋ-ರ‍್ಯಾಪ್‌ಗೆ (ಉದ್ದ ಪದ ಮುರಿಯಲು ಹೇಳುವ ನಿಯಮ) ‘ಬ್ರೇಕ್-ವರ್ಡ್’ ಕೊಟ್ಟರೆ ಸಾಲದು, ಕನಿಷ್ಠ ಅಗಲದ ಲೆಕ್ಕಕ್ಕೆ ಅದು ಬರುವುದಿಲ್ಲ. ‘ಎನಿವೇರ್’ ಕೊಡಿ, ಇಲ್ಲವೇ ಬ್ರೇಕ್-ವರ್ಡ್ ಜೊತೆ ಮಿನ್-ವಿಡ್ತ್ (ಕನಿಷ್ಠ ಅಗಲ) ಸೊನ್ನೆ ಮಾಡಿ. ಯಾವ ಪೆಟ್ಟಿಗೆ ಹೊರಚಾಚಿದೆ ಎಂದು ಹುಡುಕಲು ಎಲ್ಲ ಅಂಶಗಳಿಗೂ 1 ಪಿಕ್ಸೆಲ್‌ನ ಕೆಂಪು ಔಟ್‌ಲೈನ್ ಹಾಕಿ. ಬಾರ್ಡರ್ ಬೇಡ, ಅದು ಜಾಗ ತಿಂದು ಲೇಔಟನ್ನೇ ಕದಲಿಸುತ್ತದೆ.

ಪಟ್ಟಿಯಲ್ಲಿ ಐಫೋನ್ ಆರಿಸಿದರೂ ಒಳಗೆ ಓಡುವುದು ಕ್ರೋಮ್‌ನ ಎಂಜಿನ್ನೇ, ಸಫಾರಿಯದಲ್ಲ. ಕೀಬೋರ್ಡ್ ಮೇಲೆದ್ದಾಗ, ಅಡ್ರೆಸ್ ಬಾರ್ ಅಡಗಿದಾಗ ಆಗುವ ಎತ್ತರದ ಬದಲಾವಣೆಯೂ ಇಲ್ಲಿ ಕಾಣದು. 100ವಿಎಚ್ (ಪರದೆಯ ಪೂರ್ತಿ ಎತ್ತರ) ಕೊಟ್ಟ ಪುಟದ ತಳದ ಬಟನ್ ಫೋನಿನಲ್ಲಿ ಮರೆಯಾಗುವುದು ಹೀಗೆ. ಅಲ್ಲಿ ಅಡ್ರೆಸ್ ಬಾರ್‌ಗೆ ತಕ್ಕಂತೆ ಬದಲಾಗುವ ಅಳತೆಯಾದ ಡಿವಿಎಚ್ ಬಳಸಿ.

ಫೈರ್‌ಫಾಕ್ಸ್‌ನಲ್ಲಿ ವಿಂಡೋಸ್, ಲಿನಕ್ಸ್‌ಗೆ ಅದೇ ಕಂಟ್ರೋಲ್+ಶಿಫ್ಟ್+ಎಂ ಒತ್ತಿದರೆ ಡೆವ್‌ಟೂಲ್ಸ್ ತೆರೆಯದೆಯೇ ಈ ಸೌಲಭ್ಯ ಬರುತ್ತದೆ. ತಟ್ಟನೆ ನೋಡಿ ಮುಚ್ಚಲು ಅದೇ ಅನುಕೂಲ.

ತಿಂಗಳ ಬಾಡಿಗೆಯ ಪರೀಕ್ಷಾ ಸೇವೆಗೆ ಸೇರುವ ಮೊದಲು ಒಂದು ಹಳೆಯ ಆಂಡ್ರಾಯ್ಡ್ ಫೋನ್ ಹೊಂದಿಸಿಕೊಳ್ಳಿ. ಡೆವಲಪರ್ ಆಯ್ಕೆಗಳಲ್ಲಿ ಯುಎಸ್‌ಬಿ ಡೀಬಗಿಂಗ್ ಆನ್ ಮಾಡಿ, ಕೇಬಲ್ ಜೋಡಿಸಿ, ಕಂಪ್ಯೂಟರಿನ ಕ್ರೋಮ್‌ನಲ್ಲಿ ಇನ್‌ಸ್ಪೆಕ್ಟ್ ಪುಟ (chrome://inspect) ತೆರೆಯಿರಿ. ಅಲ್ಲಿ ಪೋರ್ಟ್ ಫಾರ್ವರ್ಡಿಂಗ್ ಹಾಕಿದರೆ ಲೋಕಲ್‌ಹೋಸ್ಟ್‌ನ (ನಿಮ್ಮ ಕಂಪ್ಯೂಟರಿನಲ್ಲೇ ಓಡುವ ಸರ್ವರ್‌ನ) ಪುಟ ಫೋನಿನಲ್ಲೇ ತೆರೆದುಕೊಳ್ಳುತ್ತದೆ, ಸ್ಟೈಲ್ ತಿದ್ದುವುದು ಕಂಪ್ಯೂಟರಿನಿಂದ. ಕನ್ನಡ ತಾಣಕ್ಕೆ ಟೂಲ್‌ಬಾರ್ ಒಂದಕ್ಕೇ ನಾನು ಮೂರು ಅಂಕ ಕೊಡುತ್ತೇನೆ, ಈ ಕೇಬಲ್ ಸೇರಿದರೆ ನಾಲ್ಕೂವರೆ.