ಸಮತೋಲನ ಪ್ರಯೋಗದ ಕಿಟ್: ಬಣ್ಣ ಸರಿ, ಕೈಪಿಡಿ ತಪ್ಪು

ಪಿಯುಸಿ ಮಕ್ಕಳಿಗೆಂದು ಮಾರುವ ಈ ಕಿಟ್‌ನಲ್ಲಿ ಫೆರಿಕ್ ಕ್ಲೋರೈಡ್, ಪೊಟ್ಯಾಸಿಯಂ ಥಯೋಸಯನೇಟ್ ಇವೆ. ತಲಾ 0.1 ಗ್ರಾಂ ತೂಗಿ, ಬೇರೆಬೇರೆಯಾಗಿ 100 ಮಿ.ಲೀ. ಭಟ್ಟಿ ಇಳಿಸಿದ ನೀರಿನಲ್ಲಿ ಕರಗಿಸಿ ಬೆರೆಸಿದರೆ ರಕ್ತಗೆಂಪು. ಎರಡರಲ್ಲಿ ಯಾವುದನ್ನು ಹೆಚ್ಚಿಸಿದರೂ ಕೆಂಪು ಗಾಢವಾಗುತ್ತದೆ. ಬಿಸಿನೀರಲ್ಲಿಟ್ಟರೆ ತಿಳಿಯಾಗುತ್ತದೆ; ಉಷ್ಣ ಬಿಡುವ ಕ್ರಿಯೆಯಾದ್ದರಿಂದ ಸಮತೋಲನ ಸ್ಥಿರಾಂಕವೇ (ಸಮತೋಲನದಲ್ಲಿ ಉತ್ಪನ್ನಕ್ಕೂ ಮೂಲವಸ್ತುಗಳಿಗೂ ಇರುವ ಅನುಪಾತ) ಇಳಿಯುತ್ತದೆ.

ಕೈಪಿಡಿಯೇ ತಲೆನೋವು. ಸ್ಥಿರಾಂಕದ ಸೂತ್ರದಲ್ಲಿ ಪೊಟ್ಯಾಸಿಯಂ ಕ್ಲೋರೈಡನ್ನೂ ತುರುಕಿದ್ದಾರೆ! ಕೆಂಪು ಬಣ್ಣ ಕೊಡುವ ಕ್ರಿಯೆಯಲ್ಲಿ ಅದರ ಅಯಾನುಗಳು (ವಿದ್ಯುದಾವೇಶದ ಕಣಗಳು) ಪಾಲ್ಗೊಳ್ಳದ ಬರೀ ಪ್ರೇಕ್ಷಕರು. ಆದರೂ ಪೊಟ್ಯಾಸಿಯಂ ಕ್ಲೋರೈಡ್ ಸುರಿದಾಗ ಬಣ್ಣ ತುಸು ಇಳಿಯುವುದು ಬೇರೆ ಕಾರಣಕ್ಕೆ: ಕ್ಲೋರೈಡ್ ಕಬ್ಬಿಣದ ಅಯಾನನ್ನು ಹಿಡಿದುಕೊಳ್ಳುವುದರಿಂದ, ಜೊತೆಗೆ ದ್ರಾವಣದಲ್ಲಿ ಅಯಾನುಗಳು ಹೆಚ್ಚುವುದರಿಂದ.

ಬಾಟಲಿಯ ಮುಚ್ಚಳವೂ ಸಡಿಲ. ಫೆರಿಕ್ ಕ್ಲೋರೈಡ್ ತೇವ ಹೀರಿ ಅಂಟಂಟಾದರೆ ತೂಕ ಕೆಡುತ್ತದೆ. ಅದರ ದ್ರಾವಣ ಕಂದು ಬಣ್ಣಕ್ಕೆ ತಿರುಗಿ ಕದಡಿದರೆ ನಾಲ್ಕು ಹನಿ ಸಾರರಿಕ್ತ ನೈಟ್ರಿಕ್ ಆಮ್ಲ ಹಾಕಿ.